ಇಂಜಿನ್ ಗಿರಮಲ್ಲಪ್ಪನೂ ಊರಿನ ತಾಟುಗಳೂ

ಜಮಖಂಡಿಯಲ್ಲಿ ಆ ಕಾಲಕ್ಕೆ ಮೂವರು ಗಿರಮಲ್ಲಪ್ಪಂದಿರಿದ್ದರು. ಒಬ್ಬ ಕಂಬಳಿ ನೇಯುವವನು. ಇನ್ನೊಬ್ಬ ಕುಸ್ತಿ ಆಡಿ ಆಡಿ ಎರಡೂ ಕಿವಿ ಚಪ್ಪಟೆ ಮಾಡಿಕೊಂಡವನು. ಮೂರನೆಯವನು ಪಾವರ್ ಹೌಸಿನ ಇಂಜಿನ್ ನಡೆಸುವವನು. ಊರು ಅವನಿಗೆ ಇಂಜಿನ್ ಗಿರಮಲ್ಲಪ್ಪ ಎಂದೇ ಹೆಸರಿಟ್ಟಿತ್ತು. ಕರೆಂಟು ಇದ್ದ ದಿನ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೋದ ದಿನ ಮಾತ್ರ ಇಡೀ ಪೇಟೆ ಅವನ ನಾಮಸ್ಮರಣೆಗೆ ಕೂಡುತ್ತಿತ್ತು, ಹಿಂದೆ ಮುಂದೆ ಬರೆಯಬಾರದ ಒಂದೆರಡು ಮಾತು ಸೇರಿಸಿ.

ಅವನು ಹುಟ್ಟಿದ್ದು ಕುರಿಗಳ ನಡುವೆ. ಬೀರೇಶ್ವರನ ಭಂಡಾರದ ಅರಿಶಿನ ಹಣೆಗೆ, ಕಂಬಳಿ ಹೆಗಲಿಗೆ, ಕೋಲು ಕೈಗೆ; ಅಷ್ಟು ಇದ್ದರೆ ಬದುಕು ನಡೆಯುತ್ತದೆ ಎಂದು ನಂಬಿದ ಮನೆ. ಇನ್ನೂ ಸಂಸ್ಥಾನದ ದಿನಗಳವು. ಊರ ಹೊರಗೆ ಪಾವರ್ ಹೌಸ್ ಕಟ್ಟಿದ್ದರು. ಎತ್ತಿನ ಗಾಡಿಗಳ ಮೇಲೆ ತುಂಡು ತುಂಡಾಗಿ ಬಂದ ಡೀಸೆಲ್ ಇಂಜಿನ್ನನ್ನು ಮಿರಜದ ಫಿಟರ್ ಒಬ್ಬ ಜೋಡಿಸುತ್ತಿದ್ದ. ಇಪ್ಪತ್ತೆರಡು ವರ್ಷದ ಗಿರಮಲ್ಲಪ್ಪ ದಿನವೂ ಕುರಿಗಳನ್ನು ಆ ಕಡೆಗೇ ಹೊಡೆದುಕೊಂಡು ಹೋಗಿ, ಕೋಲಿನ ತುದಿಗೆ ಗದ್ದ ಊರಿ ಕಿಟಕಿಯ ಹೊರಗೆ ನಿಲ್ಲುತ್ತಿದ್ದ. ಕುರಿಗಳು ಯಾರ ಹೊಲ ಹೊಕ್ಕರೂ ಅವನಿಗೆ ಪರಿವೆ ಇರುತ್ತಿರಲಿಲ್ಲ.

ಇಂಜಿನ್ ಶುರುವಾದ ನಾಲ್ಕನೆಯ ದಿನವೇ ಕೆಮ್ಮತೊಡಗಿತು. ಫಿಟರ್ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ದೋಷ ಸಿಗಲಿಲ್ಲ. ಆಗ ಕಿಟಕಿಯ ಹೊರಗಿನಿಂದ ಒಂದು ದನಿ ಬಂತು:

"ಸಾಹೇಬರ, ಅದರ ಉಸರು ಎಡಗಡೆಯಿಂದ ಸೋರಾಕತ್ತೈತ್ರಿ. ನಮ್ಮ ಟಗರಿಗೂ ಹಿಂಗ ಆಗಿತ್ತು."

ಫಿಟರ್ ನಕ್ಕ. ನಕ್ಕು, ಎಡಗಡೆ ನೋಡಿದ. ನೋಡಿ, ನಗು ನಿಲ್ಲಿಸಿದ. ಮರುದಿನದಿಂದ ಕುರಿಗಳು ಅಣ್ಣನ ಪಾಲಾದವು, ಗಿರಮಲ್ಲಪ್ಪ ಇಂಜಿನ್ ಪಾಲಾದ. ಮೊದಲು ಎಣ್ಣೆ ಬಿಡುವವನಾಗಿ, ಆಮೇಲೆ ಒರೆಸುವವನಾಗಿ, ಕೊನೆಗೆ ನಡೆಸುವವನಾಗಿ ಹದಿನೆಂಟು ವರ್ಷ ಅಲ್ಲೇ ಕಳೆದ. ಸಂಸ್ಥಾನ ಹೋಯಿತು, ಮುಂಬಯಿ ಸರಕಾರ ಬಂತು, ಕಚೇರಿಯ ಗೋಡೆಯ ಮೇಲಿನ ಪಟ ಬದಲಾಯಿತು. ಇಂಜಿನ್ ಮಾತ್ರ ಅದೇ, ಅದರ ಮುಂದಿನ ಮುಕ್ಕಾಲಿಯೂ ಅದೇ.

ಅವನ ಹೆಂಡತಿ ಸಾತವ್ವ ಎಮ್ಮೆ ಕಟ್ಟಿ, ಪೇಟೆಯ ದೊಡ್ಡ ಮನೆಗಳಿಗೆ ಬೆಣ್ಣೆ ಕೊಡುವವಳು. ಬಾಯಿ ಜೋರು, ಮನಸ್ಸು ಅದಕ್ಕಿಂತ ದೊಡ್ಡದು. ಇಂಜಿನ್ನಿಗೆ ಅವಳಿಟ್ಟ ಹೆಸರು 'ಸವತಿ'. ಕರೆಂಟು ಇರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿನಿಂದ ಊರು ಮಲಗುವ ತನಕ. ಅಂದರೆ ಗಂಡ ಮನೆಯಲ್ಲಿರಬೇಕಾದ ಹೊತ್ತೆಲ್ಲ ಅವನು ಅಲ್ಲಿ. "ಸಂಜಿ ಆತು, ಸವತಿ ಕರೀತಾಳ, ಹೋಗ್ರಿ ಹೋಗ್ರಿ," ಎಂದು ರೊಟ್ಟಿ ಗಂಟು ಕಟ್ಟಿ ಕೈಗೆ ಕೊಡುವಳು. ಊರಿಗೆಲ್ಲ ಬೆಳಕು ಕೊಡುವ ಆ ಮನುಷ್ಯನ ಮನೆಯಲ್ಲಿ ಉರಿಯುತ್ತಿದ್ದದ್ದು ಕುಸುಬಿ ಎಣ್ಣೆಯ ದೀಪ. ಕುರುಬರ ಓಣಿಯ ತನಕ ತಂತಿ ಬಂದಿರಲಿಲ್ಲ.

ಉಳಿದ ದಿನ ಹೇಗೋ ಆಗುತ್ತಿತ್ತು. ಕಷ್ಟ ಬರುತ್ತಿದ್ದದ್ದು ದೀಪಾವಳಿಗೆ. ಅಮಾವಾಸ್ಯೆಯ ಸಂಜೆ ಅಂಗಡಿ ಅಂಗಡಿಯಲ್ಲಿ ಲಕ್ಷ್ಮಿಪೂಜೆ. ಯಾರ ಅಂಗಡಿ ಹೆಚ್ಚು ಬೆಳಗುತ್ತದೋ ಲಕ್ಷ್ಮಿ ಅಲ್ಲಿಗೆ ಮೊದಲು ಬರುತ್ತಾಳೆ ಎಂಬ ನಂಬಿಕೆ ಪೇಟೆಗೆ ಗಟ್ಟಿಯಾಗಿತ್ತು. ಅರಿವೆ ಅಂಗಡಿಯವರು ನೂರು ವ್ಯಾಟಿನ ಬಲ್ಬು ತೂಗು ಹಾಕಿದರೆ ಕಿರಾಣಿಯವರೂ ನೂರರದ್ದೇ. ಅದನ್ನು ನೋಡಿ ಬಂಗಾರ ಮಾರುವ ಸರಾಫರು ಸುಮ್ಮನಿರುತ್ತಾರೆಯೇ? ಎಲ್ಲ ಒಮ್ಮೆಲೇ ಹೊತ್ತಿಸಿದರೆ ಇಂಜಿನ್ನಿನ ದನಿ ದಪ್ಪವಾಗಿ ಏದುಸಿರು ಬರುತ್ತಿತ್ತು. ಗೋಡೆಯ ಮೀಟರಿನ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು. ಆಗ ಗಿರಮಲ್ಲಪ್ಪ ಒಂದು ಓಣಿಯ ದೊಡ್ಡ ಸ್ವಿಚ್ಚು, ಖಟಕಾ, ಕೆಳಗೆಳೆದು ಅಲ್ಲಿ ಕತ್ತಲು ಮಾಡಿ, ಇಂಜಿನ್ನಿಗೆ ಉಸಿರು ಬಂದ ಮೇಲೆ ಅದನ್ನು ಎತ್ತಿ ಇನ್ನೊಂದು ಓಣಿಯದನ್ನು ಎಳೆಯಬೇಕು. ಪೂಜೆಯ ನಡುವೆ ಕತ್ತಲಾದವರು ಏನೆಂದಾರು! ಜೊತೆಗೆ ಹಾಲಸಿದ್ದಪ್ಪನೆಂಬ ನಲವತ್ತರ ಸಹಾಯಕ ಇದ್ದ. ಕೆಲಸ ಬಲ್ಲವನೇ. ಆದರೆ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಅವನ ಕೈಕಾಲು ಆಡದೆ, ಗಾಬರಿಯಲ್ಲಿ ಇಡೀ ಇಂಜಿನ್ನನ್ನೇ ನಿಲ್ಲಿಸಿಬಿಡುವನು. ಹೀಗಾಗಿ ಹದಿನೆಂಟು ದೀಪಾವಳಿಗಳೂ ಗಿರಮಲ್ಲಪ್ಪನಿಗೆ ಆ ಮುಕ್ಕಾಲಿಯ ಮೇಲೇ ಆದವು.

ಹತ್ತೊಂಬತ್ತನೆಯದು ಹಾಗಾಗುವಂತಿರಲಿಲ್ಲ. ಆ ವರ್ಷ ಬೇಸಿಗೆಯಲ್ಲಿ ಒಬ್ಬಳೇ ಮಗಳು ಸುಂದರವ್ವನ ಮದುವೆಯಾಗಿತ್ತು. ಅಳಿಯ ರನ್ನ ಬೆಳಗಲಿಯ ಅಮಸಿದ್ದಪ್ಪ, ಕಬ್ಬು ಬೆಳೆಯುವ ಹುಡುಗ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ಶಂಕ್ರೆವ್ವ ಆಡುತ್ತಿದ್ದಳು. ಮದುವೆ ಸಂಜೆ ಮುಹೂರ್ತದ್ದು. ಗಿರಮಲ್ಲಪ್ಪ ಅಕ್ಕಿಕಾಳು ಹಾಕಿದವನೇ, ತಲೆಯ ಮೇಲಿನ ಅಕ್ಷತೆಯನ್ನೂ ಕೊಡವದೆ ಪಾವರ್ ಹೌಸಿಗೆ ಓಡಿದ್ದ. ಬೀಗರು ಊಟಕ್ಕೆ ಕೂತಾಗ ಹೆಣ್ಣಿನ ತಂದೆ ಇಲ್ಲ! ಶಂಕ್ರೆವ್ವ ಅಂದು ನುಂಗಿಕೊಂಡದ್ದನ್ನು ನವರಾತ್ರಿಯಲ್ಲಿ ಉಗುಳಿದಳು. ಬಂದ ಸುದ್ದಿ ಹೀಗಿತ್ತು: ಮೊದಲ ದೀಪಾವಳಿಗೆ ಅಮಾವಾಸಿ ದಿವಸ ದೀಪ ಹಚ್ಚುವ ಹೊತ್ತಿಗೆ ಅಳಿಯನ ತಲೆಗೆ ರುಮಾಲು ಸುತ್ತುವುದು ನಮ್ಮ ಕುಲದ ಪದ್ಧತಿ. ಮಾವನೇ ಸುತ್ತಬೇಕು. ಮಾವನಿಗೆ ಪುರುಸೊತ್ತಿಲ್ಲದಿದ್ದರೆ ನನ್ನ ಮಗ ಬರಿದಲೆಯಲ್ಲಿ ವಾಪಸು ಬರುತ್ತಾನೆ; ಆಮೇಲೆ ನಿಮ್ಮ ಮಗಳು ಯಾವ ಹಬ್ಬಕ್ಕೂ ತವರಿಗೆ ಬರುವುದಿಲ್ಲ.

ಗಿರಮಲ್ಲಪ್ಪ ಅಂದು ರೊಟ್ಟಿ ಗಂಟನ್ನು ಬಿಚ್ಚದೆ ಮನೆಗೆ ವಾಪಸು ತಂದ. ಸುಂದರವ್ವ ಹುಟ್ಟಿದ್ದು ಇಂಜಿನ್ ಶುರುವಾದ ವರ್ಷವೇ. ಅವಳು ಮಾತು ಕಲಿತದ್ದು, ನಡೆದದ್ದು, ದೀಪಾವಳಿಗೆ ಆರತಿ ಹಿಡಿದದ್ದು, ಯಾವುದನ್ನೂ ಅವನು ಸಂಜೆಯ ಹೊತ್ತಿನಲ್ಲಿ ಕಂಡವನಲ್ಲ. ಈಗ ಅವಳ ತವರಿನ ಬಾಗಿಲೇ ಮುಚ್ಚುವ ಮಾತು ಬಂದಿತ್ತು.

"ಮುಳ್ಳು ಕೆಂಪು ಗೆರಿ ದಾಟಲಿಲ್ಲಂದ್ರ ಹಾಲಸಿದ್ದನ ಕೈಯಾಗ ಕೊಟ್ಟು ಬರಬಹುದು," ಎಂದ ಹೆಂಡತಿಗೆ. "ದಾಟಬಾರದು ಅಂದ್ರ ಪ್ಯಾಟ್ಯಾಗ ನೂರರ ಬಲ್ಬ್ ಹಚ್ಚಬಾರದು."

"ಹಚ್ಚಬ್ಯಾಡ್ರಿ ಅಂದ್ರ ಬಿಡ್ತಾರೇನು? ಲಕ್ಷ್ಮೀನ ದಾರಿ ತಪ್ಪಸತೀಯೇನಲೇ ಅಂತಾರ."

ಗಿರಮಲ್ಲಪ್ಪ ಯೋಚಿಸುತ್ತ ಕೂತ. ಮೂಲೆಯಲ್ಲಿ ಎಣ್ಣೆ ದೀಪ. ಅದರ ಹಿಂದೆ ಗೋಡೆಗೆ ಆನಿಸಿ ಬೆಳಗಿಟ್ಟ ಹಿತ್ತಾಳೆ ತಾಟು. ಕುರಿ ಈಯುವ ಹೊತ್ತಿನಲ್ಲಿ ಹಟ್ಟಿಯಲ್ಲಿ ಬೆಳಕು ಸಾಲದಿದ್ದರೆ ಅವನ ತಾಯಿ ಹೀಗೇ ದೀಪದ ಹಿಂದೆ ತಾಟು ಇಡುತ್ತಿದ್ದಳು. ಒಂದು ಬತ್ತಿಗೆ ನಾಲ್ಕು ಬತ್ತಿಯ ಬೆಳಕು. ಸಾತವ್ವ ಅತ್ತೆಯಿಂದ ಕಲಿತದ್ದನ್ನು ಬಿಟ್ಟಿರಲಿಲ್ಲ. ಅವನು ಎದ್ದು ತಾಟು ತೆಗೆದ, ಮನೆ ಮಂಕಾಯಿತು. ಮತ್ತೆ ಇಟ್ಟ, ಮನೆ ಬೆಳಗಿತು. ತೆಗೆದ, ಇಟ್ಟ.

"ಏನ್ ಹುಚ್ಚು ಹಿಡೀತ್ರಿ ನಿಮಗ?" ಎಂದಳು ಸಾತವ್ವ.

ಮರುದಿನ ಬೆಳಿಗ್ಗೆ ಅವನು ಹೋದದ್ದು ಚನಮಲ್ಲಪ್ಪ ಸಾವಕಾರರ ಅಂಗಡಿಗೆ. ರಬಕವಿ, ಬನಹಟ್ಟಿಯ ಸೀರೆ ತಂದು ಮಾರುವ ಚನಮಲ್ಲಪ್ಪ ಪೇಟೆಗೆ ಮೇಟಿ. ಅವರು ಸೀನಿದರೆ ಉಳಿದವರು ಮೂಗು ಒರೆಸಿಕೊಳ್ಳುವರು. ನೂರರ ಬಲ್ಬಿನ ಪಂದ್ಯ ಶುರು ಮಾಡಿದವರೂ ಅವರೇ.

"ಸಾವಕಾರ್ರ, ಇಪ್ಪತ್ತೈದರ ಬಲ್ಬ್ ಹಚ್ಚಿ ನೂರರ ಬೆಳಕು ಮಾಡಿ ತೋರಸ್ತೀನಿ. ನಿಮ್ಮ ಒಳಗಿನ ಕತ್ತಲ ಖೋಲಿಗೆ ಬರ್ರಿ," ಎಂದ ಗಿರಮಲ್ಲಪ್ಪ.

ಸೀರೆಯ ಗಂಟುಗಳಿಡುವ ಆ ಕೋಣೆಯಲ್ಲಿ ಹಗಲಲ್ಲೂ ಕಣ್ಣಿಗೆ ಕೈ ಕಾಣುತ್ತಿರಲಿಲ್ಲ. ಹಗಲು ಕರೆಂಟಿಲ್ಲದ್ದರಿಂದ ಅವನು ಬಲ್ಬಿನ ಬದಲು ಒಂದು ಸಣ್ಣ ಎಣ್ಣೆ ದೀಪ ಹಚ್ಚಿ, "ಈ ಸೀರಿ ದಡಿ ಯಾವ ಬಣ್ಣ ಹೇಳ್ರಿ," ಎಂದ. ಸಾವಕಾರರು ಕಣ್ಣು ಕಿರಿದು ಮಾಡಿ ಕಪ್ಪು ಎಂದರು. ಹುಣಸೆ ಹಚ್ಚಿ ತಿಕ್ಕಿ ತಂದಿದ್ದ ದೊಡ್ಡ ಹಿತ್ತಾಳೆ ತಾಟು, ಪರಾತವನ್ನು ಗಿರಮಲ್ಲಪ್ಪ ದೀಪದ ಹಿಂದೆ ಹಿಡಿದ. ದಡಿ ಗಿಳಿ ಹಸಿರಾಗಿ ಎದ್ದು ಬಂತು, ಒಳಗಿನ ಜರಿಯ ಎಳೆ ಎಳೆ ಕಂಡವು. ಹೋದ ವರ್ಷ ಕಳೆದುಹೋಯಿತೆಂದು ಹುಡುಕಿದ್ದ ಅಳತೆ ಗಜವೂ ಗಂಟಿನ ಹಿಂದೆ ಕಂಡಿತು.

"ಏ ಇವನೌನ! ಖರೇನಪಾ!" ಎಂದರು ಸಾವಕಾರರು. "ಅಂದ್ರ ಸಣ್ಣ ಬಲ್ಬು, ಹಿಂದ ಪರಾತ. ಲಕ್ಷ್ಮಿಗೆ ಬಂಗಾರದ ಬೆಳಕು ಬಿದ್ದಂಗ ಆಕ್ಕೈತಿ!"

"ಅಂಗಡಿಗೆ ಒಂದ ಬಲ್ಬ್ ಸಾಕ್ರಿ, ಇಂಜಿನ್ನಿಗೆ ಅದು ಲೆಕ್ಕಕ್ಕ ಇಲ್ಲ. ಅಷ್ಟ ಅಲ್ರಿ. ಗ್ವಾಡಿಗೆ ಸುಣ್ಣ ಹಚ್ಚಸ್ರಿ. ಹೊಗಿ ಹಿಡಿದ ಗ್ವಾಡಿ ಅರ್ಧ ಬೆಳಕು ತಿಂತೈತಿ."

ಹದಿನೈದು ದಿನದಲ್ಲಿ ಪೇಟೆಯ ಬಣ್ಣವೇ ತಿರುಗಿತು. ಸುಣ್ಣ ಕಾಣದ ಗೋಡೆಗಳು ಸುಣ್ಣ ಕಂಡವು. ವಿಜಾಪುರದಿಂದ ಇಪ್ಪತ್ತೈದರ ಬಲ್ಬುಗಳು ಪೆಟ್ಟಿಗೆಗಟ್ಟಲೆ ಬಂದವು. ಸಾವಕಾರರಂತೂ ತಾವೇ ಇದನ್ನು ಕಂಡುಹಿಡಿದವರ ಹಾಗೆ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದರು. ಅದಕ್ಕೆ ಗಿರಮಲ್ಲಪ್ಪನ ತಕರಾರು ಇರಲಿಲ್ಲ. ರನ್ನ ಬೆಳಗಲಿಗೆ ಮರುಸುದ್ದಿ ಕಳಿಸಿದ: ರುಮಾಲು ನಾನೇ ಸುತ್ತುತ್ತೇನೆ, ಎಲ್ಲರೂ ಬರಬೇಕು.

ಎಲ್ಲರೂ ಬಂದರು. ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಸುಂದರವ್ವ, ಅಮಸಿದ್ದಪ್ಪ, ಅವರ ಮುಂದೆ ಶಂಕ್ರೆವ್ವ ಬಂಡಿಯಿಂದ ಇಳಿದರು. ಸುಂದರವ್ವ ಅಪ್ಪನ ಕಾಲಿಗೆ ನಮಸ್ಕಾರ ಮಾಡಿ, ಯಾರಿಗೂ ಕೇಳದ ಹಾಗೆ, "ಯಪ್ಪಾ, ಖರೇನ ಇರ್ತಿ ಹೌದಲ್ಲೊ?" ಎಂದಳು. ಗಿರಮಲ್ಲಪ್ಪ ಎದೆ ತಟ್ಟಿಕೊಂಡು, ಇರ್ತೇನೆಂದು ಹೇಳಿ, ಸಂಜೆಗೆ ಪಾವರ್ ಹೌಸಿಗೆ ಹೋದ.

ಆ ಸಂಜೆ ಪೇಟೆಯವರು ಹೊಸ ದೀಪಗಳನ್ನು ಮೊದಲ ಸಲ ಹಚ್ಚುವವರಿದ್ದರು. ಗಿರಮಲ್ಲಪ್ಪ ಮುಕ್ಕಾಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ, ಹಾಲಸಿದ್ದಪ್ಪನಿಗೆ ಎಲೆ ಅಡಿಕೆ ಕೊಟ್ಟು, "ನೋಡ್ತಿರು, ಮುಳ್ಳು ಅರ್ಧಕ್ಕ ನಿಂದ್ರತೈತಿ," ಎಂದ. ಮುಳ್ಳು ಎದ್ದಿತು. ಅರ್ಧ ಮುಟ್ಟಿತು. ಅರ್ಧ ದಾಟಿತು. ಹಾಲಸಿದ್ದಪ್ಪನ ಬಾಯಲ್ಲಿ ಎಲೆ ಹಾಗೇ ಉಳಿಯಿತು. ಮುಳ್ಳು ಕೆಂಪು ಗೆರೆಯನ್ನೂ ದಾಟಿ, ಹೋದ ವರ್ಷಕ್ಕಿಂತ ಒಂದು ಬೆರಳು ಆಚೆ ಹೋಗಿ ಅಲ್ಲಾಡುತ್ತ ನಿಂತಿತು. ಇಂಜಿನ್ ಗೊಗ್ಗರು ದನಿಯಲ್ಲಿ ನರಳಿತು. ಗಿರಮಲ್ಲಪ್ಪ ಜಿಗಿದು ಖಟಕಾ ಎಳೆದ. ಆ ಸಂಜೆ ಎಷ್ಟು ಸಲ ಎಳೆದನೋ ಅವನಿಗೇ ಲೆಕ್ಕವಿಲ್ಲ.

ಬೆಳಗಾದದ್ದೇ ತಡ ಪೇಟೆಗೆ ಓಡಿದ. ನೋಡಿದರೆ ಚನಮಲ್ಲಪ್ಪನವರ ಅಂಗಡಿಯ ಮುಂದೆ ಒಂದಲ್ಲ, ಐದು ಬಲ್ಬು. ಐದರ ಹಿಂದೆಯೂ ಒಂದೊಂದು ಪರಾತ. ಕಿರಾಣಿ ಸಾಲಿನಲ್ಲಿ ಅಂಗಡಿಗೆ ಆರು. ಸರಾಫರ ಓಣಿಯಲ್ಲಿ ತಾಟು, ತಂಬಿಗೆಯ ಮುಚ್ಚಳ, ದೇವರ ತಟ್ಟೆ, ಕೈಗೆ ಸಿಕ್ಕ ಹಿತ್ತಾಳೆಯೆಲ್ಲ ತೂಗುತ್ತಿತ್ತು.

"ಸಾವಕಾರ್ರ, ಒಂದು ಅಂತ ಹೇಳಿದ್ನಲ್ರಿ!"

"ಲೇ ಹುಚ್ಚ, ಇವು ಸಣ್ಣ ಬಲ್ಬು. ನಿನ್ನ ಇಂಜಿನ್ನಿಗೆ ಇವು ಲೆಕ್ಕಕ್ಕ ಇಲ್ಲ ಅಂತ ನೀನ ಹೇಳಿದ್ದಿ. ಲೆಕ್ಕಕ್ಕಿಲ್ಲದ್ದು ಒಂದ ಇದ್ರೇನು, ಐದು ಇದ್ರೇನು?"

ನೂರು ಹೋಗಿ ನೂರಿಪ್ಪತ್ತೈದು ಬಂದಿತ್ತು! ಉಳಿತಾಯದ ದಾರಿ ತೋರಿಸಿದರೆ ಆ ದಾರಿಯಲ್ಲೇ ಮೆರವಣಿಗೆ ಹೊರಡುವ ಜನ. ಅವನು ಗೋಗರೆದ, ಕೈ ಮುಗಿದ. ಮೊದಲು ಸರಾಫರು ತೆಗೆಯಲಿ ಎಂದರು ಅರಿವೆಯವರು. ಮೊದಲು ಅರಿವೆಯವರು ತೆಗೆಯಲಿ ಎಂದರು ಸರಾಫರು. ಗಿರಮಲ್ಲಪ್ಪ ಮುಖ ಜೋತು ಬಿಟ್ಟುಕೊಂಡು ಮನೆಗೆ ಬಂದ. ಜಗುಲಿಯ ಮೇಲೆ ಕೂತಿದ್ದ ಶಂಕ್ರೆವ್ವ ಅವನನ್ನು ನೋಡಿಯೂ ನೋಡದ ಹಾಗೆ ಎಮ್ಮೆಗೆ ಹೇಳಿದಳು: "ನಾಳೆ ನಾವೂ ಬಂಡಿ ಹೂಡಸ್ತೀವಿ ನೋಡವಾ."

ಅವನು ಹಿತ್ತಲಿನಲ್ಲಿ ಸಾತವ್ವನಿಗೆ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಕಣ್ಣು ಒದ್ದೆಯಾದವು. ಸಾತವ್ವ ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿ ನಗತೊಡಗಿದಳು.

"ನಗತೀಯಲ್ಲ ಸಾತಿ!"

"ಮತ್ತೇನ್ ಮಾಡ್ಲಿ? ಇವತ್ತ ಚತುರ್ದಶಿ. ನಸುಕಿನ್ಯಾಗ ಎಣ್ಣಿ ನೀರು ಹಾಕಿ ಗಂಡಸರಿಗೆ ಆರತಿ ಮಾಡೂ ದಿನ. ಆರತಿ ತಾಟೆಲ್ಲ ಪ್ಯಾಟ್ಯಾಗ ಜೋತಾಡಾಕತ್ತಾವ. ಒಳಗ ಹೆಣ್ಣುಮಕ್ಕಳು ಏನ್ ಹಿಡದು ಆರತಿ ಮಾಡ್ಯಾರು, ವಿಚಾರ ಮಾಡೀರೇನು? ಗಂಡಸರ ಕೂಡ ಜಗಳ ಆಡಿದ್ದು ಸಾಕು. ನೀವು ಮಕ್ಕೊಳ್ರಿ. ನನ್ನ ಬೆಣ್ಣಿ ಗಡಿಗಿ ಕೊಡ್ರಿ ಇಲ್ಲೆ."

ಅವಳು ಮೊದಲು ಹೋದದ್ದು ಚನಮಲ್ಲಪ್ಪನವರ ಮನೆಯ ಹಿಂಬಾಗಿಲಿಗೆ. ಸಾವಕಾರರ ಹೆಂಡತಿ ಬನಶಂಕರಿ ಬೆಳಗಿನಿಂದ ಸಿಟ್ಟಿನಲ್ಲಿ ಕುದಿಯುತ್ತಿದ್ದರು. ಹಬ್ಬದ ದಿನ ಗಂಡನಿಗೂ ಮಕ್ಕಳಿಗೂ ಮರದಲ್ಲಿ ಕುಂಕುಮ ಇಟ್ಟುಕೊಂಡು ಆರತಿ ಮಾಡಬೇಕಾಗಿ ಬಂದಿತ್ತು. ಅಕ್ಕಿ ಕೇರುವ ಬಿದಿರಿನ ಮರದಲ್ಲಿ! ತಾಟು ಎಲ್ಲಿ ಎಂದರೆ ಗಂಡ ಅಂಗಡಿಯ ಕೀಲಿಕೈ ಎತ್ತಿಕೊಂಡು ಹೊರಬಿದ್ದಿದ್ದರು.

"ಅಕ್ಕಾರ, ಬೆಣ್ಣಿ ಯಾವುದರಾಗ ಹಾಕ್ಲಿರಿ?" ಎಂದು ಸಾತವ್ವ ಮುಗ್ಧಳ ಹಾಗೆ ಕೇಳಿದಳು. "ನಿಮ್ಮ ತವರಮನಿ ಪರಾತ ಅದ್ಯಾಕೋ ಅಂಗಡಿ ಮುಂದ ಜೋತಾಡಾಕತ್ತಿತ್ತು. ನಿನ್ನೆ ಕಾಗಿ ಅದರ ಮ್ಯಾಲೆ ಕುಂತಿತ್ರಿ."

ಅಷ್ಟೇ ಹೇಳಿ ಮುಂದಿನ ಮನೆಗೆ ಹೋದಳು. ಅಲ್ಲಿ ಕಾಗೆಯ ಜೊತೆ ಒಂದು ಕಪಿಯೂ ಸೇರಿತು. ಸರಾಫರ ಓಣಿ ಮುಟ್ಟುವ ಹೊತ್ತಿಗೆ ದೇವರ ತಟ್ಟೆಯನ್ನು ಯಾರೋ ನೆಕ್ಕಿದ ಸುದ್ದಿಯೂ ಹುಟ್ಟಿತ್ತು. ಸಾತವ್ವನ ಗಡಿಗೆಯಲ್ಲಿ ಬೆಣ್ಣೆ ತೀರಿತು. ಅವಳ ಹಿಂದೆ ಪೇಟೆ ಹೊತ್ತಿಕೊಂಡಿತು.

ಮಧ್ಯಾಹ್ನದ ಊಟಕ್ಕೆ ಮುಂಚೆ ಹೆಂಗಸರ ಸಾಲು ಪೇಟೆಗೆ ಇಳಿಯಿತು. ಅರಿವೆ ಅಂಗಡಿಯಿಂದ ಸರಾಫರ ಓಣಿಯ ತನಕ ತಾಟುಗಳು ಒಂದೊಂದೇ ಕೆಳಗಿಳಿದವು. ಗದ್ದುಗೆಯ ಮೇಲೆ ಕೂತ ಸಾವಕಾರರು ಏನೋ ಹೇಳಲು ಬಾಯಿ ತೆರೆದರು. "ಲಕ್ಷ್ಮಿಗೆ ಒಂದು ತಾಟು ಸಾಕು. ಉಳಿದ ನಾಕು ನನ್ನ ತವರಮನೀವು," ಎಂದರು ಬನಶಂಕರಿ. ಸಾವಕಾರರು ಎದ್ದು ಏಣಿ ಹಿಡಿದುಕೊಂಡರು. ತಾಟು ಹೋದ ಬಲ್ಬುಗಳು ಮುಖ ತೊಳೆಯದವರ ಹಾಗೆ ಬಡವಾಗಿ ಕಂಡವು. ಅವನ್ನು ಹಾಗೇ ಬಿಡಲು ಸಾವಕಾರರಿಗೆ ನಾಚಿಕೆಯಾಗಿ ಬಿಚ್ಚಿಸಿದರು. ಅವರು ಬಿಚ್ಚಿಸಿದ ಮೇಲೆ ಉಳಿದವರೂ ಬಿಚ್ಚಿಸಿದರು.

ಅಮಾವಾಸ್ಯೆಯ ಸಂಜೆ ಗಿರಮಲ್ಲಪ್ಪ ಮುಳ್ಳಿನ ಮುಂದೆ ಉಸಿರು ಬಿಗಿಹಿಡಿದು ನಿಂತ. ಕೂಡುವ ಧೈರ್ಯ ಅವನಿಗಾಗಲಿಲ್ಲ. ದೀಪ ಹಚ್ಚುವ ಹೊತ್ತಾಯಿತು. ಮುಳ್ಳು ಎದ್ದಿತು, ಅರ್ಧ ಮುಟ್ಟಿತು, ತುಸು ದಾಟಿತು, ನಿಂತಿತು. ಇನ್ನೂ ಕಾದ. ಕದಲಲಿಲ್ಲ. ಇಂಜಿನ್ ದಗ್ ದಗ್ ದಗ್ ಎಂದು ಮೆಲುಕು ಹಾಕುವ ಎಮ್ಮೆಯ ಹಾಗೆ ನೆಮ್ಮದಿಯಾಗಿ ನಡೆದಿತ್ತು.

"ಹಾಲಸಿದ್ದ, ಅಕಸ್ಮಾತ್ ಕೆಂಪು ಗೆರಿ ಮುಟ್ಟಿತಂದ್ರ ಸರಾಫರ ಖಟಕಾ ಎಳಿ. ಇಂಜಿನ್ನಿಗೆ ಮಾತ್ರ ಕೈ ಹಚ್ಚಬ್ಯಾಡ. ಏನಂದೆ?"

"ಸರಾಫರ ಖಟಕಾ ಎಳೀತೀನಿ, ಇಂಜಿನ್ನಿಗೆ ಕೈ ಹಚ್ಚೂದಿಲ್ಲ," ಎಂದ ಹಾಲಸಿದ್ದಪ್ಪ, ಎರಡೂ ಕೈ ಬಗಲಲ್ಲಿ ಅಡಗಿಸಿಕೊಂಡು.

ಗಿರಮಲ್ಲಪ್ಪ ಹೊರಗೆ ಬಿದ್ದ. ಮನೆಗೆ ಹತ್ತಿರದ ದಾರಿ ಪೇಟೆಯ ನಡುವಿನಿಂದ. ಓಡುತ್ತ ಬಂದವನು ತಿರುವಿನಲ್ಲಿ ಗಕ್ಕನೆ ನಿಂತ.

ಬಿಳಿ ಸುಣ್ಣದ ಗೋಡೆಗಳ ಮೇಲೆ ಹೊನ್ನಿನ ಬಣ್ಣದ ಬೆಳಕು ಹರಡಿತ್ತು. ಅಂಗಡಿಗೆ ಒಂದೇ ದೀಪ, ಅದರ ಹಿಂದೆ ಫಳಫಳ ತಾಟು. ಬಾಳೆಕಂಬ, ಚೆಂಡುಹೂವಿನ ಸರ, ಹೊಸ ಸೀರೆಯ ಹೆಂಗಸರು, ಓಡಾಡುವ ಮಕ್ಕಳು. ಒಬ್ಬರ ಮುಖವೂ ಕತ್ತಲಲ್ಲಿರಲಿಲ್ಲ. ಹದಿನೆಂಟು ವರ್ಷ ಈ ಊರಿನ ದೀಪಾವಳಿಯನ್ನು ಅವನು ಕಂಡದ್ದು ಗೋಡೆಯ ಮೇಲಿನ ಒಂದು ಮುಳ್ಳಿನಲ್ಲಿ. ಮುಳ್ಳು ಇಷ್ಟು ಎದ್ದರೆ ಊರು ಹೀಗೆ ಕಾಣುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗಿರಮಲ್ಲಪ್ಪನಿಗೆ ಅಳು ಬಂತು, ನಗುವೂ ಬಂತು. ಅಳಿಯ, ರುಮಾಲು, ಬೀಗತಿ ಎಲ್ಲ ಮರೆತು ಅವನು ಬಾಯಿ ತೆರೆದು ನಿಂತೇ ಇದ್ದ. ಎಷ್ಟು ಹೊತ್ತೋ!

ಅಷ್ಟರಲ್ಲಿ ಚನಮಲ್ಲಪ್ಪನವರ ಕಣ್ಣು ಅವನ ಮೇಲೆ ಬಿತ್ತು. ಸಾವಕಾರರು ಗದ್ದುಗೆಯಿಂದ ಜಿಗಿದೆದ್ದರು.

"ಏ ಗಿರಮಲ್ಲ್ಯಾ! ನೀ ಇಲ್ಲೆ? ಇಂಜಿನ್ ಹಂತ್ಯಾಕ ಯಾರದಾರಲೇ? ಕಂದೀಲ ತರ್ರಿ, ಕರೆಂಟ್ ಹೋತು!"

ಕರೆಂಟು ಹೋಗಿರಲಿಲ್ಲ. ಆದರೆ ದೀಪ ಹಚ್ಚಿದ ಮೇಲೆ ಇಂಜಿನ್ ಗಿರಮಲ್ಲಪ್ಪ ಪೇಟೆಯಲ್ಲಿ ಕಂಡದ್ದೇ ಅಪಶಕುನವಾಯಿತು. ಝಗಝಗಿಸುವ ಬೆಳಕಿನಲ್ಲಿ ಜನ ಕಡ್ಡಿ ಗೀರಿ ಕಂದೀಲು ಹಚ್ಚತೊಡಗಿದರು. "ಇಲ್ರಿ, ಹೋಗೂದಿಲ್ರಿ, ಮನಿಗೆ ಹೊಂಟೇನ್ರಿ, ಅಳಿಯ ಕಾಯಾಕತ್ತಾನ," ಎನ್ನುತ್ತ ಗಿರಮಲ್ಲಪ್ಪ ಮತ್ತೆ ಓಡಿದ. ಹಿಂದಿನಿಂದ ಸಾವಕಾರರು, "ಹೋಗು, ಆದರ ಲಗೂನ ಬಾರೊ ಯಪ್ಪಾ!" ಎಂದು ಕೂಗಿದ್ದು ಓಣಿಯ ತುದಿಯ ತನಕ ಕೇಳಿತು.

ಮನೆಯಲ್ಲಿ ಕಂಬಳಿ ಹಾಸಿ ಅಮಸಿದ್ದಪ್ಪನನ್ನು ಬರಿದಲೆಯಲ್ಲಿ ಕೂಡಿಸಿ ಬಹಳ ಹೊತ್ತಾಗಿತ್ತು. ಸಾತವ್ವ ದೀಪಕ್ಕೆ ಎರಡನೆಯ ಸಲ ಎಣ್ಣೆ ಹಾಕಿದ್ದಳು. ಶಂಕ್ರೆವ್ವ ಹೋಗಲು ಎದ್ದು ನಿಂತಿದ್ದಳು. ಸುಂದರವ್ವ ಬಾಗಿಲ ಕಂಬ ಬಿಟ್ಟಿರಲಿಲ್ಲ. "ಬಂದ! ನಮ್ಮಪ್ಪ ಬಂದ!" ಎಂದು ಅವಳು ಚೀರಿದ್ದಕ್ಕೆ ಎಮ್ಮೆಯೂ ಒದರಿತು.

ಗಿರಮಲ್ಲಪ್ಪ ಕೈಕಾಲು ತೊಳೆದು, ರುಮಾಲಿನ ತುದಿ ಹಿಡಿದು ಅಳಿಯನ ತಲೆಗೆ ಮೊದಲ ಸುತ್ತು ಹಾಕಿದ. ಎರಡನೆಯದು, ಮೂರನೆಯದು. ದೂರದಿಂದ ಇಂಜಿನ್ನಿನ ದಗ್ ದಗ್ ಕೇಳುತ್ತಿತ್ತು. ಅವನ ಕೈಗಳು ತಿಳಿಯದೆಯೇ ಅದೇ ಲಯದಲ್ಲಿ ತಿರುಗುತ್ತಿದ್ದವು. ನಾಲ್ಕನೆಯ ಸುತ್ತಿನಲ್ಲಿ ಆ ದನಿ ದಪ್ಪವಾಯಿತು. ಯಾವನೋ ಆಸೆ ತಾಳದೆ ಬಿಚ್ಚಿಟ್ಟ ಬಲ್ಬುಗಳನ್ನು ಮತ್ತೆ ಹಚ್ಚಿರಬೇಕು. ಗಿರಮಲ್ಲಪ್ಪನ ಕೈ ಗಾಳಿಯಲ್ಲೇ ನಿಂತಿತು. ಸಾತವ್ವ ಕೈ ನೋಡಿದಳು. ಸುಂದರವ್ವ ಮುಖ ನೋಡಿದಳು. ಶಂಕ್ರೆವ್ವ ಇಬ್ಬರನ್ನೂ ನೋಡಿದಳು. ಕಾಲು ಬಾಗಿಲ ಕಡೆ, ಕೈಯಲ್ಲಿ ಅರ್ಧ ರುಮಾಲು.

ಆಗ ಅಳಿಯ, ಬಂದಾಗಿನಿಂದ ಮೊದಲ ಸಲ ಬಾಯಿ ತೆರೆದ: "ಹೋಗೂದಿದ್ರ ಹೋಗಿ ಬರ್ರಿ ಮಾವಾರ. ನಾ ಹಿಂಗ ಕುಂತಿರ್ತೀನಿ."

ಗಿರಮಲ್ಲಪ್ಪ ಹೋಗಲಿಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟ. ಬಾಗಿಲಲ್ಲಿ ಕಾಣುತ್ತಿದ್ದ ಊರಿನ ಬೆಳಕಿನಲ್ಲಿ ಸರಾಫರ ಓಣಿಯಷ್ಟು ಭಾಗ ಕಪ್ಪಾಯಿತು. ಇಂಜಿನ್ನಿನ ದನಿ ಹಗುರಾಯಿತು. ತುಸು ಹೊತ್ತಿಗೆ ಆ ಭಾಗವೂ ಮತ್ತೆ ಬೆಳಗಿತು. ದಗ್ ದಗ್ ದಗ್.

"ಭಲೇ ಹಾಲಸಿದ್ದ!" ಎಂದು ಗಿರಮಲ್ಲಪ್ಪ ಕೂಗಿದ ರಭಸಕ್ಕೆ ಅಳಿಯ ಬೆಚ್ಚಿಬಿದ್ದ. ಉಳಿದ ಸುತ್ತುಗಳು ಬಿದ್ದವು, ತುರಾಯಿ ನಿಂತಿತು. ದೀಪದ ಹಿಂದಿನ ತಾಟಿನ ಬೆಳಕು ಹೊಸ ರುಮಾಲಿನ ಮೇಲೆ ಬಿತ್ತು. ಸುಂದರವ್ವ ಆ ತಾಟನ್ನೇ ಎತ್ತಿಕೊಂಡು ಆರತಿಗೆ ಅಣಿ ಮಾಡಿದಳು. ಮೊದಲು ಗಂಡನಿಗೆ ಬೆಳಗಿ, ಆಮೇಲೆ ಅಪ್ಪನ ಮುಂದೆ ಬಂದು ನಿಂತಳು. ಹುಟ್ಟಿದಾಗಿನಿಂದ ದೀಪಾವಳಿಯ ಸಂಜೆ ಅವಳು ಅಪ್ಪನಿಗೆ ಆರತಿ ಮಾಡಿದ್ದು ಅದೇ ಮೊದಲು. ಅವಳು ಅಪ್ಪನ ಮುಖವನ್ನೇ ನೋಡುತ್ತ ಬೆಳಗಿದಳು, ತಾಟು ಓರೆಯಾಯಿತು.

"ಎಣ್ಣಿ ಚೆಲ್ಲೀತು, ನೆಟ್ಟಗ ಹಿಡಿ," ಎಂದಳು ಶಂಕ್ರೆವ್ವ. ತಾನೇ ತಾಟಿನ ಅಂಚಿಗೆ ಕೈ ಕೊಟ್ಟಳು. ಆಮೇಲೆ ಎಮ್ಮೆಗಲ್ಲ, ಬೀಗರಿಗೇ ನೇರವಾಗಿ ಹೇಳಿದಳು: "ಪಂಚಮಿಗೆ ಕಳಸ್ತೀವಿ ನಿಮ್ಮ ಮಗಳನ್ನ. ಯುಗಾದಿಗೂ ಕಳಸ್ತೀವಿ."

ಎಲ್ಲ ಮುಗಿದ ಮೇಲೆ ಗಿರಮಲ್ಲಪ್ಪ ಪಾವರ್ ಹೌಸಿಗೆ ಹೊರಟ. ರೊಟ್ಟಿ ಗಂಟು ಕಟ್ಟಲು ಹೋದ ಸಾತವ್ವನ ಕೈ ಹಿಡಿದು, "ಗಂಟು ಬ್ಯಾಡ. ನೀನ ಬಾ," ಎಂದ. ಬೀಗತಿಯ ಮುಂದೆ ಕೈ ಹಿಡಿದದ್ದಕ್ಕೆ ನಾಚಿ ಅವಳು ಸೆರಗು ಎಳೆದುಕೊಂಡಳು. ಆದರೆ ಹೊರಟಳು. ಪೇಟೆಯ ಅದೇ ತಿರುವಿಗೆ ಬಂದಾಗ ಅವನು ನಿಂತ, ಅವಳೂ ನಿಂತಳು. ಹಿಂಬಾಗಿಲಿನಿಂದ ಮಾತ್ರ ಈ ಮನೆಗಳನ್ನು ಬಲ್ಲವಳು, ಸಂಜೆಯ ಪೇಟೆಯನ್ನು ಮುಂದಿನಿಂದ ನೋಡಿದ್ದು ಅಂದೇ. ಚನಮಲ್ಲಪ್ಪನವರ ಅಂಗಡಿಯ ಒಂಟಿ ಪರಾತ ಬೆಳಗುತ್ತಿತ್ತು. ಅದರ ಕೆಳಗೆ ಬನಶಂಕರಿ ನಗುತ್ತ ಕೂತಿದ್ದರು.

ಸಾತವ್ವ ದೂರದ ದಗ್ ದಗ್ ಕಡೆಗೆ ಕಿವಿ ಕೊಟ್ಟು, ಮೂಗಿನ ತುದಿಗೆ ಬಂದ ಕಣ್ಣೀರನ್ನು ಸೆರಗಿನಿಂದ ಒರೆಸಿ, ಕೊನೆಗೆ ಹೇಳಿದಳು:

"ಹದಿನೆಂಟು ವರ್ಷ ಸುಮ್ಮನ ಬೈದೆ ನೋಡ್ರಿ. ನನ್ನ ಸವತಿ ಭಾಳ ಚೆಲುವಿ ಅದಾಳ."